ಕ್ರಯಪತ್ರ ಗಂಡನ ಹೆಸರಿಗೆ, ಕಂತು ಕಟ್ಟಿದ್ದು ಇಬ್ಬರೂ: ವಿಚ್ಛೇದನದಲ್ಲಿ ಮನೆಯ ಪಾಲು ಹೇಗೆ?

ಮಸಿಕುಡಿಕೆ ಕೇಳಿದ್ದು:

ಸಂಗತಿ ಹೀಗಿದೆ. ಬೆಂಗಳೂರಿನ ಒಂದು ಫ್ಲ್ಯಾಟ್, 2015ರಲ್ಲಿ ನೋಂದಣಿ. ಬೆಲೆ 60 ಲಕ್ಷ, ಮುದ್ರಾಂಕ ಮತ್ತು ನೋಂದಣಿ ಖರ್ಚು 4 ಲಕ್ಷ. ಕೈಯಿಂದ ಹಾಕಿದ್ದು 19 ಲಕ್ಷ: ಗಂಡನದು 12, ಹೆಂಡತಿಯದು 7. ಉಳಿದ 45 ಲಕ್ಷ ಗೃಹಸಾಲ, 20 ವರ್ಷಕ್ಕೆ, ಲೆಕ್ಕಕ್ಕೆ ಸರಾಸರಿ 8.5% ಬಡ್ಡಿ ಅಂತ ಹಿಡಿಯೋಣ. ಸಾಲದ ಪತ್ರಗಳಲ್ಲಿ ಇಬ್ಬರ ಸಹಿಯೂ ಇದೆ, ಕ್ರಯಪತ್ರದಲ್ಲಿ ಮಾತ್ರ ಗಂಡನ ಹೆಸರೊಂದೇ. ಇಎಂಐ ತಿಂಗಳಿಗೆ 39,052 ರೂ. ಅದರ 60% ಹೆಂಡತಿಯ ಸಂಬಳದ ಖಾತೆಯಿಂದ ಗಂಡನ ಖಾತೆಗೆ ಹೋಗಿ, ಅಲ್ಲಿಂದ ಸಾಲಕ್ಕೆ ಕಟ್ ಆಗುತ್ತಿತ್ತು. 129 ಕಂತು ಮುಗಿದಿವೆ, ಅಸಲು ಬಾಕಿ ಸುಮಾರು 30 ಲಕ್ಷ. ಈಗಿನ ಬೆಲೆ ಒಂದು ಕೋಟಿ ಅಂತ ಇಟ್ಟುಕೊಳ್ಳಿ. ಹಿಂದೂ ವಿವಾಹ.

ಮೂರು ಪ್ರಶ್ನೆ. ಹೆಂಡತಿ ಯಾವ ಆಧಾರದ ಮೇಲೆ, ಯಾವ ಕೋರ್ಟಿನಲ್ಲಿ ಪಾಲು ಕೇಳಬೇಕು? ಪಾಲನ್ನು ಲೆಕ್ಕ ಹಾಕುವ ಕ್ರಮ ಏನು? ರಾಜಿಯಾದರೆ ಯಾವ ಪತ್ರ ಮಾಡಿಸಬೇಕು, ಯಾವಾಗ?

---

ಕಡತದಕಟ್ಟು:

ಮೊದಲಿಗೆ ಒಂದು ತಪ್ಪು ನಂಬಿಕೆ ಬಿಡಿ. ವಿಚ್ಛೇದನವಾದರೆ ಮನೆ ಅರ್ಧರ್ಧ ಅನ್ನುವ ನಿಯಮ ನಮ್ಮಲ್ಲಿ ಇಲ್ಲ. ಗೋವಾದಲ್ಲಿ ಪೋರ್ಚುಗೀಸ್ ಕಾಲದ ಸಿವಿಲ್ ಸಂಹಿತೆಯಿಂದಾಗಿ ದಂಪತಿಗೆ ಸಮಾನ ಆಸ್ತಿ ಅನ್ನುವ ಪದ್ಧತಿ ಇದೆ, ಅದು ಬೇರೆ ಮಾತು. ಉಳಿದೆಡೆ ಹೆಸರು ಯಾರದೋ ಆಸ್ತಿ ಅವರದು ಅನ್ನುವಲ್ಲಿಂದಲೇ ಕೋರ್ಟು ಶುರು ಮಾಡುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ಹೆಸರಿಲ್ಲದವರ ಮೇಲೆ.

ಎರಡನೆಯದು, ವಿಚ್ಛೇದನದ ಅರ್ಜಿ ಹಾಕಿದ ಮಾತ್ರಕ್ಕೆ ಮನೆಯ ವಿಷಯ ಅದರೊಳಗೆ ಬಂದುಬಿಡುವುದಿಲ್ಲ. ಅನೇಕರು ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಹಿಡಿದು ಕೂರುತ್ತಾರೆ. ಅದು ಮದುವೆಯ ಸಂಬಂಧವಾಗಿ ಕೊಟ್ಟ, ಇಬ್ಬರಿಗೂ ಸೇರಿದ ಆಸ್ತಿಗೆ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಸಂಬಳ ಮತ್ತು ಸಾಲದಿಂದ ಕೊಂಡ ಫ್ಲ್ಯಾಟಿಗೆ ಅದು ಹೊಂದುವುದಿಲ್ಲ. ಸರಿಯಾದ ಬಾಗಿಲು 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 7ನೇ ಕಲಂ, ವಿವರಣೆ (ಸಿ): ದಂಪತಿಗಳ ನಡುವಿನ ಆಸ್ತಿ ದಾವೆ. ಕುಟುಂಬ ನ್ಯಾಯಾಲಯ ಇರುವ ಊರಿನಲ್ಲಿ ಇದನ್ನು ಸಿವಿಲ್ ಕೋರ್ಟಿಗೆ ಹಾಕುವಂತಿಲ್ಲ. ವಿಚ್ಛೇದನದ ಅರ್ಜಿಯ ಜೊತೆಗೇ, ಆದರೆ ಪ್ರತ್ಯೇಕ ದಾವೆಯಾಗಿ ಹಾಕಿ.

ಬೇಡಿಕೆಗಳನ್ನು ಹೀಗೆ ಬರೆಯಿಸಿ: ಇಷ್ಟು ಪಾಲಿನ ಮಾಲೀಕತ್ವದ ಘೋಷಣೆ; ಪರಭಾರೆ (ಬೇರೆಯವರಿಗೆ ಮಾರುವುದು, ಕೊಡುವುದು) ಮಾಡದಂತೆ ತಡೆಯಾಜ್ಞೆ; ಪರ್ಯಾಯವಾಗಿ ಹಾಕಿದ ಹಣ ಬಡ್ಡಿ ಸಮೇತ ವಾಪಸು. ಮೂರನೆಯದನ್ನು ಬಿಟ್ಟ ದಾವೆಗಳು ಎಷ್ಟೋ. ಘೋಷಣೆಯ ಬೇಡಿಕೆ ಬಿದ್ದುಹೋದರೆ ಕೈಗೆ ಏನೂ ಉಳಿಯುವುದಿಲ್ಲ.

ಗಂಡನ ಕಡೆಯಿಂದ ಬರುವ ಮೊದಲ ಅಡ್ಡಿ ಬೇನಾಮಿ ಕಾಯ್ದೆಯ 4ನೇ ಕಲಂ: 'ಬೇರೆಯವರ ಹೆಸರಿನಲ್ಲಿ ಕೊಂಡ ಆಸ್ತಿಯನ್ನು ತನ್ನದು ಎಂದು ಕೇಳುವಂತಿಲ್ಲ.' ಇಲ್ಲಿ ಕೊಂಡ ವರ್ಷ ಮುಖ್ಯ. 2016ರ ನವೆಂಬರ್ 1ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಗಂಡ ಅಥವಾ ಹೆಂಡತಿ ಯಾರ ಹೆಸರಿನಲ್ಲಿ ಕೊಂಡರೂ, ಹಣದ ಮೂಲ ತೋರಿಸಬಲ್ಲದ್ದಾದರೆ, ವಿನಾಯಿತಿ ಇದೆ. ಹಳೆಯ ಕಾಯ್ದೆಯಲ್ಲಿ ವಿನಾಯಿತಿ ಇದ್ದದ್ದು ಹೆಂಡತಿ ಮತ್ತು ಮದುವೆಯಾಗದ ಮಗಳ ಹೆಸರಿಗೆ ಮಾತ್ರ. 2015ರ ಕ್ರಯ, ಅದೂ ಗಂಡನ ಹೆಸರಿಗೆ ಅಂದರೆ ಆ ಕಡೆಯ ವಕೀಲರು ಇದನ್ನು ಬಿಡುವುದಿಲ್ಲ.

ಅದಕ್ಕೆ ಉತ್ತರ ದಾವಾಪತ್ರದಲ್ಲೇ ಇರಬೇಕು. 'ಅವರು ಬರೀ ಹೆಸರಿಗೆ, ಮನೆ ಪೂರ್ತಿ ನನ್ನದು' ಎಂದು ಬರೆದರೆ ನೇರ ಬೇನಾಮಿ ಬಲೆಗೆ ಬೀಳುತ್ತೀರಿ. 'ಇಬ್ಬರೂ ಹಣ ಹಾಕಿದೆವು, ಇಬ್ಬರ ಪರವಾಗಿ ನಂಬಿಕೆಯ ಮೇಲೆ ಅವರ ಹೆಸರಿನಲ್ಲಿ ಇಟ್ಟೆವು' ಎಂಬ ನ್ಯಾಸದ ಸಂಬಂಧವನ್ನು ಸಂಗತಿಗಳ ಸಮೇತ ಹೇಳಬೇಕು. ಹಳೆಯ ಕಾಯ್ದೆಯ 4(3)(ಬಿ) ಅದಕ್ಕೆ ಜಾಗ ಕೊಡುತ್ತದೆ. 2012ರಲ್ಲಿ ಬೆಂಗಳೂರಿನದೇ ಒಂದು ಆಸ್ತಿಯ ವಿಷಯದಲ್ಲಿ, ಮನೆಮಂದಿಯೆಲ್ಲ ಹಣ ಹಾಕಿ ಒಬ್ಬ ಮಗನ ಹೆಸರಿಗೆ ಮಾಡಿಸಿದ್ದನ್ನು ಸುಪ್ರೀಂ ಕೋರ್ಟು ಈ ಉಪಕಲಂನಡಿ ಎತ್ತಿಹಿಡಿದಿದೆ. ಬೇನಾಮಿ ಹೌದೋ ಅಲ್ಲವೋ ಎಂಬುದು ಸಾಕ್ಷ್ಯದ ಮೇಲೆ ತೀರ್ಮಾನವಾಗಬೇಕಾದ್ದು, ದಾವೆಯನ್ನು ಹೊಸ್ತಿಲಲ್ಲೇ ತಿರಸ್ಕರಿಸುವಂತಿಲ್ಲ ಎಂದು 2019ರಲ್ಲೂ ಹೇಳಿದೆ. ದಾವೆಯನ್ನು ಆರಂಭದಲ್ಲೇ ತಿರಸ್ಕರಿಸಿ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7 ನಿಯಮ 11ರ ಅರ್ಜಿ ಬಂದರೆ ಇದು ಉಪಯೋಗಕ್ಕೆ ಬರುತ್ತದೆ.

ಕಾಲಮಿತಿ ಮರೆಯಬೇಡಿ. ಘೋಷಣೆಗೆ 3 ವರ್ಷ, ಹಕ್ಕನ್ನು ಮೊದಲ ಸಲ ನಿರಾಕರಿಸಿದ ದಿನದಿಂದ. ಲೀಗಲ್ ನೋಟಿಸಿಗೆ 'ನಿನಗೆ ಯಾವ ಹಕ್ಕೂ ಇಲ್ಲ' ಎಂದು ಉತ್ತರ ಬಂದ ದಿನವೇ ಗಡಿಯಾರ ಶುರು. ವಿಚ್ಛೇದನ ಮುಗಿಯಲಿ, ಆಮೇಲೆ ನೋಡೋಣ ಅಂದರೆ ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ.

---

ಪಾಸ್‌ಬುಕ್:

ಮೇಲಿನದಕ್ಕೆ ದಾಖಲೆಯ ಕಡೆಯಿಂದ ಸೇರಿಸುತ್ತೇನೆ. ಈ ಪ್ರಕರಣದ ದುರ್ಬಲ ಕೊಂಡಿ ಎಂದರೆ ಹಣ ಗಂಡನ ಖಾತೆಯ ಮೂಲಕ ಹೋಗಿರುವುದು. ಸಾಲದ ಖಾತೆಯ ವಿವರ ತೆಗೆಸಿದರೆ 129 ಕಂತೂ ಗಂಡನೇ ಕಟ್ಟಿದ ಹಾಗೆ ಕಾಣುತ್ತದೆ. 'ನಾನು ಕಳಿಸಿದ್ದು ಇಎಂಐಗೆ' ಅಂದರೆ 'ಅದು ಮನೆ ಖರ್ಚಿಗೆ' ಅನ್ನುತ್ತಾರೆ. ಹಾಗಾಗಿ ಮೂರು ಹೇಳಿಕೆಗಳನ್ನು ಪಕ್ಕಪಕ್ಕ ಇಡಬೇಕು: ಹೆಂಡತಿಯ ಖಾತೆ, ಗಂಡನ ಖಾತೆ, ಸಾಲದ ಖಾತೆ. ಪ್ರತಿ ತಿಂಗಳೂ ಸುಮಾರು 23,431 ರೂ. ಇಎಂಐ ದಿನಾಂಕಕ್ಕೆ ಒಂದೆರಡು ದಿನ ಮೊದಲು ಹೋಗಿದ್ದರೆ ಆ ಮಾದರಿಯೇ ಸಾಕ್ಷಿ. ವರ್ಗಾವಣೆಯ ಷರಾದಲ್ಲಿ 'ಹೋಮ್ ಲೋನ್' ಎಂದು ಬರೆದಿದ್ದರೆ ಇನ್ನೂ ಗಟ್ಟಿ. ಗಂಡನ ಖಾತೆಯ ಹೇಳಿಕೆಯನ್ನು ಅವರಾಗಿ ಕೊಡದಿದ್ದರೆ, ಬ್ಯಾಂಕಿನಿಂದ ದಾಖಲೆ ತರಿಸಲು ಕೋರ್ಟಿಗೆ ಮಧ್ಯಂತರ ಅರ್ಜಿ ಹಾಕಬೇಕು.

ಹಳೆಯ ಹೇಳಿಕೆಗಳನ್ನು ಇವತ್ತೇ ತೆಗೆಸಿ. ವ್ಯವಹಾರದ ದಾಖಲೆಯನ್ನು ಬ್ಯಾಂಕು ಕಡ್ಡಾಯವಾಗಿ ಇಡಬೇಕಾದ ಅವಧಿ 5 ವರ್ಷ. 2015ರ ಮುಂಗಡದ 7 ಲಕ್ಷದ ಪುರಾವೆ ಸಿಕ್ಕದೇ ಹೋಗುವುದು ಹೀಗೇ. ಬ್ಯಾಂಕಿನ ಮುದ್ರೆ, ದೃಢೀಕರಣ ಇರುವ ಪ್ರತಿ ಬೇಕು. ನೀವೇ ಡೌನ್‌ಲೋಡ್ ಮಾಡಿದ್ದಾದರೆ, ವಾಟ್ಸ್‌ಆಪ್ ಮಾತುಕತೆಯಾದರೆ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಜೊತೆಗಿರಲಿ (ಹಳೆಯ 65ಬಿ ಈಗ ಇದೇ). ಕುಟುಂಬ ನ್ಯಾಯಾಲಯ ಕಾಯ್ದೆಯ 14ನೇ ಕಲಂ ಸಾಕ್ಷ್ಯದ ನಿಯಮವನ್ನು ಸಡಿಲಿಸುತ್ತದೆ, ನಿಜ. ಅದನ್ನೇ ನಂಬಿ ಬರೀ ಸ್ಕ್ರೀನ್‌ಶಾಟ್ ಕೊಡಬೇಡಿ.

ಜನ ಮರೆಯುವ ಇನ್ನೊಂದು ದಾಖಲೆ ಆದಾಯ ತೆರಿಗೆ ರಿಟರ್ನ್. ಗೃಹಸಾಲದ ಬಡ್ಡಿಯ ಕಡಿತ ಸಿಗುವುದು ಮಾಲೀಕರಿಗೆ ಮಾತ್ರ. ಕ್ರಯಪತ್ರದಲ್ಲಿ ಹೆಸರಿಲ್ಲದ ಸಹ-ಸಾಲಗಾರರಿಗೆ ಇಲ್ಲ. ಆದ್ದರಿಂದ ಬಡ್ಡಿಯ ಕಡಿತವನ್ನು ಗಂಡನೇ ಪಡೆದಿರುತ್ತಾನೆ, 'ನೋಡಿ, ಕಟ್ಟಿದ್ದೂ ನಾನೇ' ಎಂದು ಅದನ್ನೇ ತೋರಿಸುತ್ತಾನೆ. ಇನ್ನು ಹೆಂಡತಿಯೇ ತನ್ನ ರಿಟರ್ನಿನಲ್ಲಿ ಕಡಿತ ಪಡೆದಿದ್ದರೆ ಎರಡು ಅಲಗು: ಕಟ್ಟಿದ್ದಕ್ಕೆ ಪುರಾವೆ ಆಗುತ್ತದೆ, ಅರ್ಹತೆ ಇಲ್ಲದೆ ಪಡೆದ ಕಡಿತವೂ ಹೊರಬೀಳುತ್ತದೆ. ರಿಟರ್ನ್ ಹಾಜರುಪಡಿಸುವ ಮೊದಲು ಆಡಿಟರಿಗೆ ತೋರಿಸಿ.

ಮಾರಾಟಗಾರರಿಗೆ 'ಕೈಯಲ್ಲಿ' ಕೊಟ್ಟ ಹಣ ಇದ್ದರೆ ಅದನ್ನು ಲೆಕ್ಕಕ್ಕೆ ತರುವ ಆಸೆ ಬಿಡಿ. ಪುರಾವೆ ಇರುವುದಿಲ್ಲ, ಹೇಳಿದರೆ ತೆರಿಗೆ ಇಲಾಖೆಗೆ ನೀವೇ ಬರೆದುಕೊಟ್ಟ ಹಾಗೆ.

ಆಸ್ತಿ-ಹೊಣೆಗಳ ಪ್ರಮಾಣಪತ್ರದ ಬಗ್ಗೆಯೂ ಒಂದು ಮಾತು. ಸುಪ್ರೀಂ ಕೋರ್ಟಿನ 2020ರ ರಜನೀಶ್–ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಇದನ್ನು ಸಲ್ಲಿಸಲೇಬೇಕು. ಅದರಲ್ಲಿ ಗಂಡ 'ಗೃಹಸಾಲದ ಕಂತು ಇಷ್ಟು, ಅದರಲ್ಲಿ ನನ್ನ ಭಾಗ ಇಷ್ಟು' ಎಂದು ಬರೆದಿದ್ದರೆ ಆಸ್ತಿ ದಾವೆಗೆ ಅದು ಒಪ್ಪಿಗೆ ಇದ್ದಂತೆ. ಎರಡೂ ಕಡತಗಳನ್ನು ಒಟ್ಟಿಗೆ ಓದುವ ಅಭ್ಯಾಸ ಇರಲಿ.

---

ಕೂಡಿಕಳೆ:

ಲೆಕ್ಕಕ್ಕೆ ಬರೋಣ. ಕಾನೂನಿನಲ್ಲಿ ಸೂತ್ರ ಇಲ್ಲ. ರಾಜಿ ಮಾತುಕತೆಯಲ್ಲಿ ನಡೆಯುವ ಲೆಕ್ಕ ಇದು.

ಮೊದಲು ಸಾಲ ಕಳೆಯಿರಿ: 100 − 30 = 70 ಲಕ್ಷ. ಹಂಚಬೇಕಾದ್ದು ಇಷ್ಟೇ, ಒಂದು ಕೋಟಿ ಅಲ್ಲ.

ಆಮೇಲೆ ಯಾರು ಎಷ್ಟು ಹಾಕಿದರು. ಇಲ್ಲಿ ಎಲ್ಲರೂ ಎಡವುತ್ತಾರೆ. ಹೆಂಡತಿ 129 ಕಂತಿನ 60% ಕಟ್ಟಿದ್ದಾಳೆ, ಅಂದರೆ ಸುಮಾರು 30.2 ಲಕ್ಷ. ಆದರೆ ಅದರಲ್ಲಿ ಅಸಲಿಗೆ ಹೋದದ್ದು 9 ಲಕ್ಷ ಮಾತ್ರ. ಮೊದಲ ತಿಂಗಳ ಕಂತನ್ನೇ ನೋಡಿ: 39,052ರಲ್ಲಿ ಬಡ್ಡಿ 31,875, ಅಸಲು 7,177. ಹತ್ತೂವರೆ ವರ್ಷ ಮೀರಿದರೂ 45 ಲಕ್ಷದಲ್ಲಿ ತೀರಿದ್ದು 15.

ಅಸಲು ಮಾತ್ರ ಎಣಿಸಿದರೆ ಹೆಂಡತಿಯದು 7 + 9 = 16, ಗಂಡನದು 12 + 6 = 18. ಒಟ್ಟು 34. ಹೆಂಡತಿಯ ಪಾಲು 47.06%, ಅಂದರೆ 70 ಲಕ್ಷದಲ್ಲಿ 32.94 ಲಕ್ಷ.

ಕಟ್ಟಿದ ಕಂತು ಪೂರ್ತಿ ಎಣಿಸಿದರೆ ಹೆಂಡತಿಯದು 37.2, ಗಂಡನದು ಸುಮಾರು 32.2. ಪಾಲು 53.6%, ಅಂದರೆ 37.5 ಲಕ್ಷ.

ವ್ಯತ್ಯಾಸ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ಯಾವುದು ಸರಿ? ಬಡ್ಡಿ ಎಂದರೆ ಆ ಮನೆಯಲ್ಲಿ ಇದ್ದುದಕ್ಕೆ ತೆತ್ತ ಬಾಡಿಗೆಯಂತೆ, ಇಬ್ಬರೂ ಇದ್ದರು, ಹಾಗಾಗಿ ಬಿಡಿ ಅನ್ನುವುದು ಒಂದು ವಾದ. ನನ್ನ ಲೆಕ್ಕದಲ್ಲಿ ಅದು ಪೂರ್ತಿ ಸರಿಯಲ್ಲ. ಬಡ್ಡಿಯನ್ನು ಇಬ್ಬರೂ ಸಮ ಕಟ್ಟಿದ್ದರೆ ಬಿಡಬಹುದು. ಒಬ್ಬರು 60% ಹೊತ್ತಿದ್ದರೆ ಆ ಹೆಚ್ಚಿನ 10% ಯಾರ ಬಾಡಿಗೆ? ಮತ್ತೊಬ್ಬರು ದಿನಸಿ, ಶಾಲೆ ಫೀಸು, ವಿಮೆಯ ಕಂತು ನೋಡಿಕೊಂಡಿದ್ದರೆ ಸರಿದೂಗುತ್ತದೆ. ಹಾಗಾಗಿ ಆ ವರ್ಷಗಳ ಮನೆ ಖರ್ಚಿನ ಒಂದು ಅಂದಾಜು ಪಟ್ಟಿಯೂ ಮೇಜಿನ ಮೇಲೆ ಬರಬೇಕು.

ಬೇರೆಯಾದ ದಿನದಿಂದ ಲೆಕ್ಕ ಬದಲಾಗುತ್ತದೆ. ಆಮೇಲೆ ಕಂತು ಕಟ್ಟಿದವರಿಗೆ ಅಸಲಿನ ಭಾಗ ಪೂರ್ತಿ ಜಮೆ. ಮನೆಯಲ್ಲಿ ಇರುವವರೇ ಕಟ್ಟುತ್ತಿದ್ದರೆ ಬಡ್ಡಿಯನ್ನು ಅವರೇ ಹೊರಲಿ. ಹೊರಗಿರುವವರು ಕಟ್ಟುತ್ತಿದ್ದರೆ ಬಡ್ಡಿಯೂ ಅವರಿಗೆ ಜಮೆಯಾಗಬೇಕು. ಬೇರೆಯಾದ ದಿನಾಂಕ ಯಾವುದು ಎಂದು ಮೊದಲೇ ಬರೆದುಕೊಳ್ಳಿ. ಇದೊಂದರ ಮೇಲೆ ತಿಂಗಳುಗಟ್ಟಲೆ ಜಗಳ ನಡೆಯುತ್ತದೆ.

---

ಹಂಗಾಮಿ:

ಲೆಕ್ಕ ಚೆನ್ನಾಗಿದೆ, ಆದರೆ ತೆರಿಗೆ ಮತ್ತು ಬ್ಯಾಂಕು ಎರಡೂ ಅದರಲ್ಲಿ ಇಲ್ಲ.

ಮೂರನೆಯವರಿಗೆ ಮಾರಿದರೆ ಬಂಡವಾಳ ಲಾಭದ ತೆರಿಗೆ ಬೀಳುವುದು ಕ್ರಯಪತ್ರದಲ್ಲಿ ಹೆಸರಿರುವವರಿಗೆ. 2024ರ ಜುಲೈ 23ಕ್ಕೆ ಮೊದಲು ಕೊಂಡದ್ದಾದ್ದರಿಂದ ಭಾರತದಲ್ಲಿ ವಾಸಿಸುವವರಿಗೆ ಎರಡು ಲೆಕ್ಕ ಹಾಕಿ ಕಡಿಮೆಯದನ್ನು ಕಟ್ಟುವ ಅವಕಾಶ ಇದೆ: ಹಣದುಬ್ಬರದ ಸೂಚ್ಯಂಕ ಇಲ್ಲದೆ 12.5%, ಅಥವಾ ಸೂಚ್ಯಂಕದೊಂದಿಗೆ 20%. ಬೆಲೆ 50 ಲಕ್ಷ ಮುಟ್ಟಿರುವುದರಿಂದ ಕೊಳ್ಳುವವರು 1% ಟಿಡಿಎಸ್ ಹಿಡಿಯುತ್ತಾರೆ, ಅದೂ ಗಂಡನ ಪ್ಯಾನ್‌ಗೇ ಜಮೆ. ಆದ್ದರಿಂದ ಒಪ್ಪಂದದಲ್ಲಿ 'ಸಾಲ, ತೆರಿಗೆ, ದಲ್ಲಾಳಿ ಕಳೆದು ಉಳಿದದ್ದರಲ್ಲಿ ಇಷ್ಟು' ಎಂದು ಬರೆಯಿರಿ. ಬರೀ 'ಮಾರಾಟದ ಹಣದಲ್ಲಿ 47%' ಎಂದು ಬರೆದು ಆಮೇಲೆ ಕಿತ್ತಾಡಿದವರಿದ್ದಾರೆ. ಕೊಳ್ಳುವವರ ವಕೀಲರು ಹೆಂಡತಿಯನ್ನು ಒಪ್ಪಿಗೆದಾರರಾಗಿ ಕ್ರಯಪತ್ರಕ್ಕೆ ಸಹಿ ಹಾಕಿಸಿ ಎನ್ನುತ್ತಾರೆ. ಅದು ಹೆಂಡತಿಗೂ ಒಳ್ಳೆಯದು: ಆ ಸಹಿಗೂ ತನ್ನ ಡಿಡಿಗೂ ಒಂದೇ ಮೇಜಿನ ಮೇಲೆ ಅದಲುಬದಲು.

ಬ್ಯಾಂಕಿಗೆ ನಿಮ್ಮ ಡಿಕ್ರಿಯ ಹಂಗಿಲ್ಲ. 'ಇನ್ನು ಮುಂದೆ ಸಾಲ ಗಂಡನೇ ತೀರಿಸತಕ್ಕದ್ದು' ಎಂದು ಕೋರ್ಟೇ ಬರೆದರೂ ಸಹ-ಸಾಲಗಾರ್ತಿಯ ಹೊಣೆ ಹಾಗೇ ಇರುತ್ತದೆ. ಅವನು ಕಂತು ತಪ್ಪಿಸಿದರೆ ಅವಳ ಸಿಬಿಲ್ (ಸಾಲ ಅರ್ಹತೆಯ ಅಂಕ) ಹಾಳು, ಮುಂದೆ ಅವಳಿಗೆ ಸಾಲ ಇಲ್ಲ. ಹೆಸರು ತೆಗೆಯಬೇಕಾದರೆ 30 ಲಕ್ಷವನ್ನು ಗಂಡನೊಬ್ಬನ ಆದಾಯದ ಮೇಲೆ ಬ್ಯಾಂಕು ಮರುಪರಿಶೀಲಿಸಬೇಕು, ಅಥವಾ ಇನ್ನೊಂದು ಬ್ಯಾಂಕಿಗೆ ಅವನೊಬ್ಬನ ಹೆಸರಿನಲ್ಲಿ ಸಾಲ ವರ್ಗವಾಗಬೇಕು. ಕ್ರಮ ತಪ್ಪಬಾರದು: ಮೊದಲು ಬ್ಯಾಂಕಿನ ಮಂಜೂರಾತಿ ಪತ್ರ, ನಂತರ ರಾಜಿ ಪತ್ರಕ್ಕೆ ಸಹಿ. ತಿರುಗುಮುರುಗು ಮಾಡಿದರೆ, ಮಂಜೂರಾತಿ ಸಿಗದ ದಿನ ರಾಜಿಯೂ ಕುಸಿಯುತ್ತದೆ.

---

ಷರಾ_ಬರಹ:

ಪತ್ರದ ವಿಷಯ ನನಗೆ ಬಿಡಿ.

ಮನೆ ಗಂಡನಿಗೇ ಉಳಿಯುವುದಾದರೆ ಆಸ್ತಿ ವರ್ಗಾವಣೆಯ ಪತ್ರವೇ ಬೇಡ. ಹೆಸರು ಈಗಾಗಲೇ ಅವನದು. ಹೆಂಡತಿ ಹಣ ಪಡೆದು, ಹಕ್ಕು ಕೇಳುವುದಿಲ್ಲ ಎಂದು ರಾಜಿಯಲ್ಲಿ ಬರೆದುಕೊಟ್ಟರಾಯಿತು.

ಹೆಂಡತಿಗೆ ಹೋಗುವುದಾದರೆ ಎಚ್ಚರ. ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಕೂತವರು 'ಹಕ್ಕು ಬಿಡುಗಡೆ ಪತ್ರ ಮಾಡಿಸಿ' ಎನ್ನುತ್ತಾರೆ. ಬಿಡುಗಡೆ ಪತ್ರ ನಡೆಯುವುದು ಪಡೆಯುವವರಿಗೆ ಮೊದಲೇ ಹಕ್ಕು ಇದ್ದಾಗ, ಅಂದರೆ ಜಂಟಿ ಮಾಲೀಕರ ನಡುವೆ. ಇಲ್ಲಿ ಹೆಂಡತಿ ದಾಖಲೆಯಲ್ಲಿ ಮಾಲೀಕಳಲ್ಲ. ಆಗಬೇಕಾದ್ದು ದಾನಪತ್ರ ಅಥವಾ ಕ್ರಯಪತ್ರ.

ಕರ್ನಾಟಕದಲ್ಲಿ ಗಂಡ-ಹೆಂಡತಿ ನಡುವಿನ ದಾನಪತ್ರಕ್ಕೆ ನಿಗದಿತ ಮುದ್ರಾಂಕ, ಸಾವಿರಗಳಲ್ಲಿ ಮುಗಿಯುತ್ತದೆ. ಕ್ರಯವಾದರೆ 5% ಮುದ್ರಾಂಕ, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್, ಜೊತೆಗೆ 2025ರ ಆಗಸ್ಟ್ 31ರಿಂದ 2% ನೋಂದಣಿ ಶುಲ್ಕ. ನಗರದಲ್ಲಿ ಒಟ್ಟು 7.6%, ಒಂದು ಕೋಟಿಗೆ 7.6 ಲಕ್ಷ. ರಿಯಾಯಿತಿ ಇರುವುದು ಅವರು ಗಂಡ-ಹೆಂಡತಿಯಾಗಿರುವ ತನಕ ಮಾತ್ರ. ಡಿಕ್ರಿಯಾದ ಮಾರನೆಯ ದಿನ ಅವರು ಹೊರಗಿನವರು. ಆದಾಯ ತೆರಿಗೆಯಲ್ಲೂ ಹಾಗೇ, ಸಂಗಾತಿಯಿಂದ ಬಂದ ದಾನಕ್ಕೆ ತೆರಿಗೆ ಇಲ್ಲ, ಮಾಜಿ ಸಂಗಾತಿಯಿಂದ ಬಂದದ್ದಕ್ಕೆ ಆ ರಕ್ಷಣೆ ಇಲ್ಲ. ಬೇರೆ ಬಾಳುವ ಒಪ್ಪಂದದ ಭಾಗವಾಗಿ ಕೊಟ್ಟದ್ದು ಎಂದು ಬರೆಯಿಸಿದರೆ ಆ ಮನೆಯ ಬಾಡಿಗೆ ಮುಂದೆ ಗಂಡನ ಆದಾಯಕ್ಕೆ ಸೇರುವುದಿಲ್ಲ.

ಆದರೆ ದಾನ ಎಂದರೆ ಪ್ರತಿಫಲ ಇಲ್ಲದ್ದು. ಹೆಂಡತಿ ಗಂಡನ ಪಾಲಿನ ಸುಮಾರು 37 ಲಕ್ಷ ಕೊಟ್ಟು ಮನೆ ಪಡೆಯುವುದಾದರೆ ಅದು ಕ್ರಯವೇ. ದಾನ ಎಂದು ಹೆಸರಿಟ್ಟು ಮುದ್ರಾಂಕ ಉಳಿಸಲು ಹೋದರೆ, ರಾಜಿ ಪತ್ರದಲ್ಲಿರುವ ಆ 37 ಲಕ್ಷವೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ಇನ್ನು ಸಾಲ ಬಾಕಿ ಇದ್ದಾಗ ಯಾವ ಪತ್ರಕ್ಕೂ ಬ್ಯಾಂಕಿನ ಒಪ್ಪಿಗೆ ಬೇಕೇ ಬೇಕು, ಮೂಲ ಪತ್ರಗಳು ಅಲ್ಲೇ ಅಡವಿವೆ.

ಸಮಯದ ಸಮಸ್ಯೆ ಇಲ್ಲಿದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಡಿಕ್ರಿ ಆಗುವ ತನಕ ಯಾರು ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು. ಮೊದಲ ಮೋಷನ್ (ಜಂಟಿ ಅರ್ಜಿಯ ಮೊದಲ ಹಂತ) ಆದ ಕೂಡಲೇ ಗಂಡ ದಾನಪತ್ರ ಬರೆದುಕೊಟ್ಟ, ಹೆಂಡತಿ ಎರಡನೆಯದಕ್ಕೆ ಬರಲಿಲ್ಲ ಅಂದರೆ? ದಾನವನ್ನು ಸುಲಭಕ್ಕೆ ರದ್ದು ಮಾಡಲಾಗದು. ಡಿಕ್ರಿ ಆಗಲಿ ಎಂದು ಕಾದರೆ ರಿಯಾಯಿತಿ ಹೋಗುತ್ತದೆ. ನಡೆಯುವ ದಾರಿ: ಎರಡನೇ ಮೋಷನ್‌ನ ಹಿಂದಿನ ದಿನಕ್ಕೆ ಅಥವಾ ಅದೇ ದಿನ ಬೆಳಿಗ್ಗೆಗೆ ಕಾವೇರಿಯಲ್ಲಿ (ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಸ್ಲಾಟ್ ತೆಗೆದುಕೊಂಡು ನೋಂದಣಿ, ನಂತರ ಕೋರ್ಟಿನಲ್ಲಿ ಹೇಳಿಕೆ. ಬೇರೆ ಹಣ ಕೈಬದಲಾಗುವುದಿದ್ದರೆ ಅದರ ಡಿಡಿ ಅಲ್ಲಿಯ ತನಕ ವಕೀಲರ ಬಳಿ. ಕರಡು ಪತ್ರ ಒಂದು ವಾರ ಮೊದಲೇ ಕಾವೇರಿಯಲ್ಲಿ ಪರಿಶೀಲನೆಯಾಗಿ ಬಂದಿರಲಿ. ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದಿದ್ದರೆ ಆ ದಿನ ನೋಂದಣಿಯೇ ನಿಲ್ಲುತ್ತದೆ.

'ಕೋರ್ಟಿನ ರಾಜಿ ಡಿಕ್ರಿಯೇ ಸಾಕು, ನೋಂದಣಿ ಯಾಕೆ' ಎನ್ನುವವರಿಗೆ: ನೋಂದಣಿ ಕಾಯ್ದೆಯ 17(2)(vi) ಪ್ರಕಾರ, ದಾವೆಯ ವಿಷಯವೇ ಅಲ್ಲದ ಸ್ಥಿರಾಸ್ತಿ ರಾಜಿ ಡಿಕ್ರಿಯೊಳಗೆ ಬಂದರೆ ನೋಂದಣಿ ಬೇಕು. ವಿಚ್ಛೇದನದ ಅರ್ಜಿಯಲ್ಲಿ ಮನೆ ಷೆಡ್ಯೂಲಿನಲ್ಲಿ (ಆಸ್ತಿ ವಿವರದ ಪಟ್ಟಿಯಲ್ಲಿ) ಇರುವುದೇ ಇಲ್ಲ. ಚಕ್ಕುಬಂದಿ ಸಮೇತ ಷೆಡ್ಯೂಲ್ ಸೇರಿಸಿದ್ದರೂ, ಆಸ್ತಿಯ ಖಾತಾ ಬದಲಿಸುವಾಗ ಮತ್ತು ಮುಂದೆ ಮಾರುವಾಗ ನೋಂದಾಯಿತ ಪತ್ರ ಎಲ್ಲಿ ಎಂದೇ ಕೇಳುತ್ತಾರೆ.

---

ಮಸಿಕುಡಿಕೆ:

ಎಲ್ಲರಿಗೂ ಧನ್ಯವಾದ. ಎರಡು ಉಳಿದಿವೆ. ದಾವೆ ನಡೆಯುವಾಗ ಗಂಡ ಮಾರಿಬಿಟ್ಟರೆ? ಹೆಸರು ಹೆಂಡತಿಯದು, ಹಣ ಗಂಡನದು ಆಗಿದ್ದರೆ ಇದೆಲ್ಲ ತಿರುಗಿ ಅನ್ವಯವೇ?

---

ಕಡತದಕಟ್ಟು:

ಮಾರಾಟ: ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಇದೆ, ಆದರೆ ಅದು ಮಾರಾಟವನ್ನು ತಡೆಯುವುದಿಲ್ಲ. ಕೊಂಡವರು ದಾವೆಯ ಫಲಿತಾಂಶಕ್ಕೆ ಬದ್ಧರು, ಅಷ್ಟೇ. ತಡೆಯಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39ರಡಿ ಮೊದಲ ದಿನವೇ ಮಧ್ಯಂತರ ಅರ್ಜಿ ಹಾಕಿ, ತಡೆಯಾಜ್ಞೆಯ ದೃಢೀಕೃತ ಪ್ರತಿಯನ್ನು ಸಬ್ ರಿಜಿಸ್ಟ್ರಾರಿಗೂ ಬ್ಯಾಂಕಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ದೌರ್ಜನ್ಯದ ಸಂಗತಿ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 19ನೇ ಕಲಂನಲ್ಲೂ ಪರಭಾರೆ ತಡೆ ಸಿಗುತ್ತದೆ, ವಾಸದ ಆದೇಶವೂ ಸಿಗುತ್ತದೆ. ಆ ವಾಸದ ಹಕ್ಕನ್ನು ಮಾಲೀಕತ್ವ ಎಂದುಕೊಳ್ಳಬೇಡಿ. ತಿಂಗಳಿಗೊಮ್ಮೆ ಇಸಿ (ಋಣಭಾರ ಪ್ರಮಾಣಪತ್ರ) ತೆಗೆದು ನೋಡುವುದು ಒಳ್ಳೆಯದು.

ತಿರುಗಿಸಿದರೆ: ಗಂಡನಿಗೆ ದಾರಿ ಇನ್ನೂ ಕಡಿದು. 2016ಕ್ಕೆ ಮೊದಲಿನ ಕ್ರಯವಾದರೆ, ಹೆಂಡತಿಯ ಹೆಸರಿನಲ್ಲಿ ಕೊಂಡದ್ದು ಅವಳ ಒಳಿತಿಗೇ ಎಂದು ಕಾಯ್ದೆಯೇ ಊಹಿಸುತ್ತಿತ್ತು. ಹಾಗಲ್ಲ ಎಂದು ಅವನು ಸಾಬೀತು ಮಾಡಬೇಕು. ಕೋರ್ಟು ನೋಡುವುದು ಹಣ ಎಲ್ಲಿಂದ ಬಂತು, ಸ್ವಾಧೀನ ಯಾರದು, ಆ ಹೆಸರಿನಲ್ಲಿ ಯಾಕೆ ಕೊಂಡರು, ಮೂಲ ಪತ್ರ ಯಾರ ಕೈಲಿತ್ತು, ಆಮೇಲೆ ಕಂದಾಯ-ಬಾಡಿಗೆ ಯಾರು ನೋಡಿಕೊಂಡರು ಎಂಬುದನ್ನು. 1970ರ ದಶಕದಿಂದ ಸುಪ್ರೀಂ ಕೋರ್ಟು ಹಿಡಿದುಕೊಂಡು ಬಂದ ಒರೆಗಲ್ಲು ಇದೇ. ಹಣ ಹಾಕಿದ್ದು ಒಂದನ್ನೇ ತೋರಿಸಿದರೆ 'ಪ್ರೀತಿಯಿಂದ ಕೊಟ್ಟದ್ದು' ಎಂಬ ಉತ್ತರ ಸಾಕಾಗುತ್ತದೆ.

ಗೃಹಿಣಿಯ ದುಡಿಮೆಯೂ ಆಸ್ತಿಗೆ ಹಾಕಿದ ಪಾಲೇ ಎಂದು 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು ಹೇಳಿದೆ. ನಮ್ಮ ಕೋರ್ಟುಗಳನ್ನು ಅದು ಕಟ್ಟಿಹಾಕದು, ವಾದಕ್ಕೆ ಬರುತ್ತದೆ.

---

ಪಾಸ್‌ಬುಕ್:

ಒಂದು ಬಿಟ್ಟುಹೋಗಿತ್ತು. ಮನೆಯ ಖಾತಾಕ್ಕೆ ಹೆಂಡತಿಯ ಹೆಸರು ಸೇರಿಸಿದರೆ ಸಾಕೇ ಎಂದು ಕೇಳುವವರು ಬಹಳ. ಖಾತಾ ಇರುವುದು ಆಸ್ತಿ ತೆರಿಗೆಗೆ, ಅದರಿಂದ ಮಾಲೀಕತ್ವ ಬರುವುದಿಲ್ಲ. ಮುಂಗಡದ 7 ಲಕ್ಷ ಹೆಂಡತಿಯ ತಂದೆಯ ಖಾತೆಯಿಂದ ಬಂದಿದ್ದರೆ, ಅದು ಮಗಳಿಗೆ ಕೊಟ್ಟದ್ದೋ ಅಳಿಯನಿಗೆ ಕೊಟ್ಟ ಸಾಲವೋ ಎಂದು ಈಗಲೇ ತೀರ್ಮಾನಿಸಿ ಅವರಿಂದ ಪ್ರಮಾಣಪತ್ರ ಮಾಡಿಸಿ. ಮಗಳಿಗೆ ಕೊಟ್ಟದ್ದಾದರೆ ಅವಳ ಪಾಲಿಗೆ ಸೇರುತ್ತದೆ. ಅಳಿಯನಿಗೆ ಸಾಲವಾದರೆ ಕೇಳಬೇಕಾದವರು ತಂದೆ, ಅದಕ್ಕೂ 3 ವರ್ಷದ ಮಿತಿ, 2015ರದ್ದಾದರೆ ಎಂದೋ ಮುಗಿದಿದೆ.